ಜೈಲಿನಿಂದ ಮನೆಗೆ ಬರುವ ಫೋನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಂದಿಗಳ ಮನೆಯವರು ಬರೆದ ಪತ್ರಗಳಿಗೆ ಈ ಸಲದ ಅಂಕಣವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದೇವೆ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ. ಉತ್ತರ ಓದುವ ಮುಂಚೆ ಒಂದು ಮಾತು ತಿಳಿದಿರಲಿ: ಜೈಲಿಗೆ ನಾವೇ ಫೋನ್ ಹಚ್ಚಿ ‘ಸ್ವಲ್ಪ ಅವನಿಗೆ ಕೊಡಿ’ ಎನ್ನಲು ಬರುವುದಿಲ್ಲ. ಕರೆ ಒಳಗಿನಿಂದಲೇ ಬರಬೇಕು, ಅದೂ ಮುಂಚಿತವಾಗಿ ಬರೆಸಿ ಒಪ್ಪಿಗೆ ಪಡೆದ ಸಂಖ್ಯೆಗೆ ಮಾತ್ರ. ಆದ್ದರಿಂದ ಮಾತು ಸಿಗುತ್ತದೋ ಇಲ್ಲವೋ ಎಂಬುದರಲ್ಲಿ ಅರ್ಧ ಪಾಲು ಹೊರಗಿರುವವರ ತಯಾರಿಯದ್ದು.

ಪ್ರ: ತಮ್ಮ ವಿಚಾರಣಾಧೀನ ಬಂದಿ. ಒಳಗೆ ಹೋಗಿ ತಿಂಗಳಾಯಿತು, ಒಂದು ಫೋನೂ ಬಂದಿಲ್ಲ. ಅವನ ಬ್ಯಾರಕ್‌ನಲ್ಲೇ ಇರುವ ಇನ್ನೊಬ್ಬ ಹುಡುಗನ ಮನೆಗೆ ಬರುತ್ತಿದೆ. ನನ್ನ ಸಿಮ್ ದೊಡ್ಡಪ್ಪನ ಹೆಸರಿನಲ್ಲಿದೆ, ಅದೇ ತೊಂದರೆಯೇ? (ಹಾವೇರಿ)

ಉ: ಬಹುಶಃ ಅದೇ. ಕ್ರಮ ಹೀಗಿದೆ. ಮೊದಲು ಬಂದಿ ಒಳಗೆ ಅರ್ಜಿ ಕೊಡಬೇಕು: ಇಂಥ ಸಂಖ್ಯೆ, ಇಂಥವರದ್ದು, ನನಗೆ ಇಂಥ ಸಂಬಂಧ ಎಂದು. ಆ ಸಿಮ್ ಯಾರ ಹೆಸರಿನಲ್ಲಿದೆ, ಆ ವ್ಯಕ್ತಿ ನಿಜಕ್ಕೂ ಸಂಬಂಧಿಕರೇ ಎಂದು ಜೈಲಿನವರು ತಾಳೆ ನೋಡುತ್ತಾರೆ. ಅದಕ್ಕೆ ಆಧಾರ್, ರೇಷನ್ ಕಾರ್ಡ್, ಸಿಮ್ ಮಾಲೀಕತ್ವದ ದಾಖಲೆ ಕೇಳಬಹುದು. ಕೆಲವು ಕಡೆ ಸ್ಥಳೀಯ ಪೊಲೀಸ್ ಠಾಣೆಯಿಂದಲೂ ವಿಚಾರಿಸುತ್ತಾರೆ. ಎಲ್ಲ ಸರಿಯಾದ ಮೇಲೆ ಆ ಸಂಖ್ಯೆಯನ್ನು ಬಂದಿಯ ಬೆರಳಚ್ಚಿಗೋ ಕಾರ್ಡಿಗೋ ಪಿನ್‌ಗೋ ಜೋಡಿಸುತ್ತಾರೆ. ಆಮೇಲೆ ಆತ ಜೈಲಿನ ಫೋನ್ ಬೂತಿನಲ್ಲಿ ನಿಂತು ಬೇರೆ ಯಾವ ಸಂಖ್ಯೆ ಒತ್ತಿದರೂ ಹೋಗುವುದಿಲ್ಲ.

ನಿಮ್ಮ ವಿಷಯದಲ್ಲಿ ಅರ್ಜಿಯಲ್ಲಿ ‘ಅಣ್ಣ’ ಎಂದಿದೆ, ಸಿಮ್ ದಾಖಲೆಯಲ್ಲಿ ದೊಡ್ಡಪ್ಪನ ಹೆಸರಿದೆ. ಕಡತ ಅಲ್ಲಿಗೇ ನಿಂತಿರುತ್ತದೆ. ದೊಡ್ಡಪ್ಪನನ್ನು ಕರೆದುಕೊಂಡು ಕಂಪನಿಯ ಅಂಗಡಿಗೆ ಹೋಗಿ ಸಿಮ್ ಅನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಬಹುದು. ಅದಕ್ಕಿಂತ ನಿಮ್ಮ ಆಧಾರ್ ಮೇಲೆ ಹೊಸ ಸಿಮ್ ತೆಗೆದುಕೊಳ್ಳುವುದೇ ಒಳ್ಳೆಯದು ಎಂಬುದು ನಮ್ಮ ಸಲಹೆ. ಅದನ್ನು ಒಂದು ಹಳೆಯ ಬಟನ್ ಫೋನಿಗೆ ಹಾಕಿ, ಬೇರೆ ಯಾವುದಕ್ಕೂ ಬಳಸದೆ, ಈ ಒಂದು ಕರೆಗೇ ಮೀಸಲಿಡಿ. ನಿಮ್ಮ ಹೆಸರಿನಲ್ಲಿ ಯಾವ ಯಾವ ಸಂಖ್ಯೆಗಳಿವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು.

ಸಿಮ್ ಸರಿ ಇದ್ದರೂ ಕೆಲಸ ಕೆಡುವುದುಂಟು. ಬಂದಿ ಸಂಖ್ಯೆಯನ್ನು ನೆನಪಿನಿಂದ ಕೈಬರಹದಲ್ಲಿ ಬರೆದುಕೊಟ್ಟಿರುತ್ತಾನೆ. ಅವಸರದಲ್ಲಿ ಬರೆದ 1 ಟೈಪ್ ಮಾಡುವವರ ಕಣ್ಣಿಗೆ 7 ಆಗಿ ಕಂಡರೆ ಮುಗಿಯಿತು, ಕರೆ ಯಾರದೋ ಮನೆಗೆ ಹೋಗುತ್ತದೆ. ಮುಂದಿನ ಸಂದರ್ಶನಕ್ಕೆ, ಅಂದರೆ ಜೈಲಿನಲ್ಲಿ ತಮ್ಮನ ಭೇಟಿಗೆ ಹೋದಾಗ ಹತ್ತು ಅಂಕಿಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಿದ ಚೀಟಿಯನ್ನು ಕಚೇರಿಗೇ ಕೊಡಿ. ಜೊತೆಗೆ ಆಧಾರ್ ಪ್ರತಿ, ಸಂಬಂಧದ ದಾಖಲೆ, ತಮ್ಮನ ಬಂದಿ ಸಂಖ್ಯೆ ಇರಲಿ. ಮನೆಯಲ್ಲಿ ಕರೆಯುವ ಹೆಸರು ಒಂದು, ಕಾರ್ಡಿನಲ್ಲಿರುವುದು ಇನ್ನೊಂದು ಆಗಿದ್ದರೆ ಕಾರ್ಡಿನಲ್ಲಿರುವ ಹೆಸರನ್ನೇ ಬರೆಯಿರಿ. ಕರೆಯ ಹಣ ಹೋಗುವುದು ಬಂದಿಯ ಖಾಸಗಿ ನಗದು ಖಾತೆಯಿಂದ, ಅಂದರೆ ಅವನ ಹೆಸರಿನಲ್ಲಿ ಜೈಲಿನಲ್ಲಿ ಇಟ್ಟಿರುವ ಹಣದಿಂದ. ಅಲ್ಲಿ ಹಣ ಇಲ್ಲದೆಯೂ ಕರೆ ನಿಂತಿರಬಹುದು. ಒಂದು ಜೈಲಿನಿಂದ ಇನ್ನೊಂದಕ್ಕೆ ವರ್ಗವಾದರೆ ಸಂಖ್ಯೆಯನ್ನು ಹೊಸದಾಗಿ ಬರೆಸಬೇಕಾಗುವುದೂ ಉಂಟು.

ವಾರಕ್ಕೆ ಎಷ್ಟು ಕರೆ, ಎಷ್ಟು ನಿಮಿಷ ಎಂದು ಅನೇಕರು ಕೇಳಿದ್ದೀರಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೈಲು ರಾಜ್ಯಪಟ್ಟಿಯ ವಿಷಯ. ಆದ್ದರಿಂದ ಇಡೀ ದೇಶಕ್ಕೆ ಒಂದೇ ಲೆಕ್ಕ ಇಲ್ಲ. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿ, ಹಣ ಪಡೆದು ಕುಟುಂಬಕ್ಕೂ ವಕೀಲರಿಗೂ ಫೋನ್ ಮಾಡಲು ಬಿಡಬಹುದು ಎನ್ನುತ್ತದೆ. ಎಷ್ಟು, ಯಾವಾಗ ಎಂಬುದು ರಾಜ್ಯದ ನಿಯಮ ಮತ್ತು ಜೈಲು ಅಧೀಕ್ಷಕರ ಆದೇಶಕ್ಕೆ ಬಿಟ್ಟದ್ದು. ನಿಮ್ಮ ಜೈಲಿನಲ್ಲಿ ಜಾರಿಯಲ್ಲಿರುವ ಆದೇಶದ ಪ್ರತಿ ಬೇಕಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು.

ಪ್ರ: ಗಂಡನ ಕರೆ ಬಂದಿತ್ತಂತೆ. ನನ್ನ ಫೋನ್ ರಿಂಗ್ ಆಗಲೇ ಇಲ್ಲ. ವಾಪಸ್ ಮಾಡಿದರೆ ಹೋಗುವುದಿಲ್ಲ. (ಬಳ್ಳಾರಿ)

ಉ: ವಾಪಸ್ ಹೋಗುವುದಿಲ್ಲ, ಆ ಲೈನ್ ಹೊರಕ್ಕೆ ಮಾತ್ರ. ನೋಡಬೇಕಾದ್ದು ನಿಮ್ಮ ಫೋನಿನ ಸೆಟ್ಟಿಂಗ್. ಐಫೋನ್‌ನಲ್ಲಿ ಅಪರಿಚಿತ ಕರೆಗಳನ್ನು ಮೌನವಾಗಿಸುವ ಆಯ್ಕೆ ಇದೆ. ಅದು ಆನ್ ಇದ್ದರೆ ಹೆಸರು ಸೇವ್ ಆಗದ ಸಂಖ್ಯೆ ಸದ್ದೇ ಮಾಡದು. ಟ್ರೂಕಾಲರ್‌ನಂಥ ಆ್ಯಪ್‌ಗಳಲ್ಲಿ ಸ್ಪ್ಯಾಮ್ ತಡೆ ಬಿಗಿಯಾಗಿದ್ದರೆ ಕರೆ ತಾನಾಗಿಯೇ ಕತ್ತರಿಸಿಹೋಗುತ್ತದೆ. ಒಂದೇ ಸಂಖ್ಯೆಯಿಂದ ದಿನವಿಡೀ ನೂರಾರು ಮನೆಗೆ ಕರೆ ಹೋಗುವುದರಿಂದ ಜೈಲಿನ ಲೈನ್ ಸ್ಪ್ಯಾಮ್ ಎಂದು ಗುರುತಾಗುವ ಸಂಭವ ಹೆಚ್ಚು. ಎರಡು ಸಿಮ್‌ನ ಫೋನಿನಲ್ಲಿ ಒಂದರಲ್ಲಿ ಮಾತಾಡುತ್ತಿದ್ದಾಗ ಸಾಮಾನ್ಯವಾಗಿ ಇನ್ನೊಂದು ಸಂಪರ್ಕಕ್ಕೆ ಸಿಗುವುದಿಲ್ಲ. ಕರೆ ಎತ್ತಿದಾಗ ಮೊದಲ ಕೆಲವು ಕ್ಷಣ ಏನೂ ಕೇಳಿಸದಿದ್ದರೆ ಇಡಬೇಡಿ, ಧ್ವನಿ ಜೋಡಣೆಯಾಗಲು ಅಷ್ಟು ಹೊತ್ತು ಬೇಕಾಗಬಹುದು. ಒಮ್ಮೆ ಕರೆ ಬಂದ ಸಂಖ್ಯೆಯನ್ನು ಹೆಸರು ಹಾಕಿ ಸೇವ್ ಮಾಡಿ. ರೀಚಾರ್ಜ್ ಮುಗಿದು ಕೆಲವು ದಿನವಾದರೆ ಒಳಬರುವ ಕರೆಯೂ ನಿಲ್ಲುತ್ತದೆ. 90 ದಿನ ಬಳಸದೆ ಬಿಟ್ಟ ಸಂಖ್ಯೆ ರದ್ದಾಗಿ ಬೇರೆಯವರ ಪಾಲಾಗಬಹುದು. ಆಗ ಹೊಸ ಸಂಖ್ಯೆ, ಹೊಸ ಅರ್ಜಿ, ಮತ್ತೆ ತಿಂಗಳ ಕಾಯುವಿಕೆ.

ಪ್ರ: ಮಗ ಫೋನ್ ಮಾಡಿದಾಗೆಲ್ಲ ನನ್ನ ಹೆಂಡತಿ ಅಳುವುದರಲ್ಲೇ ಸಮಯ ಮುಗಿಯುತ್ತದೆ. ಮೊಮ್ಮಗಳಿಗೆ ಮಾತಾಡಲು ಸಿಗುವುದೇ ಇಲ್ಲ. ಕೇಳಬೇಕಾದ್ದು ಮರೆತುಹೋಗುತ್ತದೆ. (ಶಿವಮೊಗ್ಗ)

ಉ: ಅಳುವುದನ್ನು ತಪ್ಪೆನ್ನಬೇಡಿ. ಅಮ್ಮನ ಧ್ವನಿ ಕೇಳಲೆಂದೇ ಆತ ಬಿಸಿಲಲ್ಲಿ ಸಾಲಿನಲ್ಲಿ ನಿಂತಿರುತ್ತಾನೆ. ಸರದಿ ಮಾತ್ರ ಬದಲಿಸಿ. ಮೊದಲು ಮೊಮ್ಮಗಳು ಮಾತಾಡಲಿ. ಕೊನೆಗೆ ಇಟ್ಟರೆ ಲೈನ್ ಕಡಿದು ಮಗು ‘ಅಪ್ಪ’ ಎನ್ನುವುದರೊಳಗೆ ಎಲ್ಲ ಮುಗಿದಿರುತ್ತದೆ. ಏನು ಹೇಳಬೇಕೆಂದು ಅವಳ ಜೊತೆ ಮುಂಚೆಯೇ ಮಾತಾಡಿಕೊಳ್ಳಿ. ಶಾಲೆಯಲ್ಲಿ ಕಲಿತ ಒಂದು ಪದ್ಯದ ಎರಡು ಸಾಲು, ಬಿದ್ದ ಹಲ್ಲಿನ ಸುದ್ದಿ, ಅಷ್ಟು ಸಾಕು. ‘ಯಾವಾಗ ಬರ್ತೀಯ’ ಎಂದು ಕೇಳಿಸಬೇಡಿ. ಅದಕ್ಕೆ ಅವನ ಬಳಿ ಉತ್ತರವಿಲ್ಲ, ಆಮೇಲೆ ರಾತ್ರಿಯಿಡೀ ಅದೇ ಕಾಡುತ್ತದೆ. ಮಗುವಿನ ನಂತರ ಅಮ್ಮ. ಕೆಲಸದ ಮಾತು ನಿಮ್ಮದು.

ಕೆಲಸದ ಮಾತಿಗೆ ಒಂದು ನೋಟುಬುಕ್ ಇರಲಿ. ಅದರ ಸುರುಳಿಗೆ ದಾರ ಹಾಕಿ ಪೆನ್ನು ಕಟ್ಟಿ, ಫೋನ್ ಇಡುವ ಜಾಗದಲ್ಲೇ ತೂಗುಹಾಕಿ. ಎಡಪುಟದಲ್ಲಿ ಕೇಳಬೇಕಾದ್ದನ್ನು ಮುಂಚೆಯೇ ಬರೆದಿಡಿ: ಮುಂದಿನ ಕೋರ್ಟ್ ತಾರೀಕು, ಔಷಧ ಸಿಗುತ್ತಿದೆಯೇ, ಖಾತೆಯಲ್ಲಿ ಹಣ ಎಷ್ಟಿದೆ, ಬಟ್ಟೆ ಬೇಕೇ. ಬಲಪುಟದಲ್ಲಿ ಅವನ ಉತ್ತರ, ಕರೆಯ ದಿನ, ವೇಳೆ. ಔಷಧದ ಹೆಸರನ್ನು ಅಕ್ಷರ ಅಕ್ಷರ ಹೇಳಿಸಿ ಬರೆದುಕೊಳ್ಳಿ. ಒಂದು ಅಕ್ಷರ ತಪ್ಪಿದರೆ ಬೇರೆ ಮಾತ್ರೆಯಾಗುತ್ತದೆ. ಮುಂದೆ ವಕೀಲರು ‘ಆರೋಗ್ಯ ಯಾವಾಗಿನಿಂದ ಕೆಟ್ಟಿದೆ’ ಎಂದು ಕೇಳಿದಾಗ ಈ ಪುಸ್ತಕವೇ ಉತ್ತರ ಕೊಡುತ್ತದೆ. ಫೋನನ್ನು ಸ್ಪೀಕರ್‌ಗೆ ಹಾಕಿ, ಟಿವಿ ಆರಿಸಿ, ಬಾಗಿಲು ಹಾಕಿಕೊಳ್ಳಿ. ಸಮಯ ಮುಗಿದರೆ ಯಂತ್ರ ತಾನಾಗಿ ಕರೆ ಕಡಿಯುತ್ತದೆ. ಸಿಟ್ಟಿನಿಂದ ಇಟ್ಟ ಎಂದು ಯಾರೂ ತಿಳಿಯಬೇಡಿ, ಈ ಮಾತನ್ನು ಮಗುವಿಗೂ ಹೇಳಿರಿ.

ಮನೆಯಲ್ಲಿ ಸಾವಾದರೆ ಆ ಸುದ್ದಿಯನ್ನು ಕರೆಯ ಕೊನೆಯ ಅರ್ಧ ನಿಮಿಷದಲ್ಲಿ ಹೇಳಬೇಡಿ. ಲೈನ್ ಕಡಿದ ಮೇಲೆ ಆತ ಒಬ್ಬನೇ ಉಳಿಯುತ್ತಾನೆ. ಮೊದಲು ಜೈಲು ಕಚೇರಿಗೆ ಸಂಪರ್ಕಿಸಿ ಅಧೀಕ್ಷಕರಿಗೋ ಕಲ್ಯಾಣಾಧಿಕಾರಿಗೋ ತಿಳಿಸಿ, ಅವರ ಮುಂದೆ ಹೇಳಿಸಿ. ಅಂತ್ಯಕ್ರಿಯೆಗೆ ಬರಬೇಕಿದ್ದರೆ ವಿಚಾರಣಾಧೀನನಾದವನಿಗೆ ವಕೀಲರ ಮೂಲಕ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ಶಿಕ್ಷೆಯಾದವನಿಗೆ ಪೆರೋಲ್ ಅರ್ಜಿ ಜೈಲಿನ ಮೂಲಕವೇ ಹೋಗಬೇಕು. ಮರಣದ ದಾಖಲೆಯ ಫೋಟೋ ಕೈಯಲ್ಲಿರಲಿ.

ಪ್ರ: ಕೇಸಿನ ಬಗ್ಗೆ ಫೋನಿನಲ್ಲಿ ಮಾತಾಡಬಹುದೇ? ಕೇಳಿಸಿಕೊಳ್ಳುತ್ತಾರಂತೆ. (ತುಮಕೂರು)

ಉ: ಕರೆ ಧ್ವನಿಮುದ್ರಣವಾಗುತ್ತದೆ ಎಂದೇ ತಿಳಿದು ಮಾತಾಡಿ. ಕೋರ್ಟ್ ತಾರೀಕು, ವಕೀಲರು ಬಂದರೇ, ಜಾಮೀನಿಗೆ ಯಾರ ಪಹಣಿ ಕೊಡುವುದು, ಇಷ್ಟರಲ್ಲಿ ತೊಂದರೆಯಿಲ್ಲ. ಆ ದಿನ ಏನಾಯಿತು, ಯಾರು ಎಲ್ಲಿದ್ದರು ಎಂಬುದನ್ನು ಫೋನಿನಲ್ಲಿ ಎತ್ತಲೇಬೇಡಿ. ಸಾಕ್ಷಿಯ ಹೆಸರು ಹಿಡಿದು ‘ಅವನಿಗೆ ಸ್ವಲ್ಪ ಹೇಳು’ ಎಂದು ಮಗ ಅಂದರೂ ‘ಅದನ್ನು ವಕೀಲರ ಹತ್ತಿರ ಮಾತಾಡು’ ಎಂದು ಅಲ್ಲೇ ನಿಲ್ಲಿಸಿ. ಸಾಕ್ಷಿಯನ್ನು ಬೆದರಿಸಿ ಸುಳ್ಳು ಹೇಳಿಸುವುದು ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಅಂಥ ಒಂದು ವಾಕ್ಯ ಜಾಮೀನಿಗೂ ಕುತ್ತು ತರುತ್ತದೆ.

ವಕೀಲರ ಜೊತೆಗಿನ ಮಾತಿಗೆ ಕಾನೂನಿನ ರಕ್ಷಣೆ ಇದೆ, ಭಾರತೀಯ ಸಾಕ್ಷ್ಯ ಅಧಿನಿಯಮದ 132 ಮತ್ತು 134ನೇ ಕಲಮುಗಳು ಅದಕ್ಕಾಗಿಯೇ ಇವೆ. ಆದರೂ ಗುಟ್ಟಿನ ಮಾತಿಗೆ ಫೋನಿಗಿಂತ ವಕೀಲರು ಖುದ್ದಾಗಿ ಹೋಗುವ ಸಂದರ್ಶನವೇ ಸರಿ. ಅಲ್ಲಿ ಸಿಬ್ಬಂದಿ ಕಾಣುವಷ್ಟು ದೂರದಲ್ಲಿ ಇರಬಹುದು, ಮಾತು ಕೇಳಿಸುವಷ್ಟು ಹತ್ತಿರ ಇರಬಾರದು.

ಪ್ರ: ರಾತ್ರಿ ಹತ್ತಕ್ಕೆ ಅಪರಿಚಿತ ಮೊಬೈಲ್‌ನಿಂದ ವಾಟ್ಸ್ಆ್ಯಪ್ ಕರೆ. ಅಣ್ಣನೇ ಮಾತಾಡಿದ. ಒಳಗೆ ಒಬ್ಬರ ಫೋನಂತೆ, ತಿಂಗಳಿಗೆ ಇಷ್ಟು ಅಂತ ಅವರಿಗೆ ಕಳಿಸು ಅಂದ. (ಕಲಬುರಗಿ)

ಉ: ಕಳಿಸಬೇಡಿ. ಅಣ್ಣನ ಮೇಲಿನ ಪ್ರೀತಿಗಾಗಿಯೇ ಹೀಗೆ ಹೇಳುತ್ತಿದ್ದೇವೆ. ಜೈಲಿನೊಳಗೆ ಮೊಬೈಲ್ ನಿಷಿದ್ಧ ವಸ್ತು. ಕರ್ನಾಟಕ 2022ರಲ್ಲಿ ಕಾರಾಗೃಹ ಕಾಯ್ದೆಗೆ ತಿದ್ದುಪಡಿ ತಂದು ಇದರ ಶಿಕ್ಷೆಯನ್ನು ಬಿಗಿ ಮಾಡಿದೆ. ಹುಡುಕಾಟದಲ್ಲಿ ಆ ಫೋನ್ ಸಿಕ್ಕರೆ ಕರೆ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ಇರುತ್ತದೆ, ಯುಪಿಐ ಪಾವತಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಅಣ್ಣನ ಮೇಲೆ ಹೊಸ ಪ್ರಕರಣ ಬೀಳುತ್ತದೆ, ಸಂದರ್ಶನ ಮತ್ತು ಅಧಿಕೃತ ಫೋನ್ ನಿಲ್ಲಬಹುದು, ಶಿಕ್ಷಾಬಂದಿಯಾಗಿದ್ದರೆ ಶಿಕ್ಷೆಯಲ್ಲಿ ಕಡಿತವಾಗುವ ಮಾಫಿ ದಿನಗಳಿಗೂ ಪೆಟ್ಟು. ಮುಂದಿನ ಸಂದರ್ಶನದಲ್ಲಿ, ಸುತ್ತ ಯಾರೂ ಇಲ್ಲದಾಗ, ಆ ಫೋನ್ ಇಟ್ಟವರು ಹಣಕ್ಕಾಗಿ ಪೀಡಿಸುತ್ತಿದ್ದಾರೆಯೇ ಎಂದು ಮೆಲ್ಲಗೆ ಕೇಳಿ. ಹೌದೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ತಿಳಿಸಿ. ಜೈಲಿನ ಕಾನೂನು ನೆರವು ಕೇಂದ್ರಕ್ಕೆ ಅವರು ಬರುತ್ತಾರೆ. ದೇಶದ ಎಲ್ಲಿಂದ ಬೇಕಾದರೂ 15100ಕ್ಕೆ ಕರೆ ಮಾಡಿ ಕಾನೂನು ನೆರವು ಕೇಳಬಹುದು.

ಪ್ರ: ಜಾಮರ್ ಇದ್ದರೆ ಒಳಗಿನ ಬೂತಿನ ಫೋನೂ ಕೆಡುತ್ತದೆಯೇ? (ಬೆಂಗಳೂರು)

ಉ: ಇಲ್ಲ. ಜಾಮರ್ ತಡೆಯುವುದು ಗಾಳಿಯಲ್ಲಿ ಬರುವ ಮೊಬೈಲ್ ತರಂಗವನ್ನು. ತಂತಿಯಲ್ಲಿ ಹೋಗುವ ಕರೆಗೂ, ತಂತಿಯ ಇಂಟರ್‌ನೆಟ್ ಮೇಲೆ ನಡೆಯುವ ವಿಡಿಯೊಗೂ ಅದರಿಂದ ತೊಂದರೆಯಿಲ್ಲ. ಗೋಡೆಯ ಹೊರಗೆ ನಿಂತವರ ಮೊಬೈಲ್ ಸಿಗ್ನಲ್ ಹೋಗುವುದು ಮಾತ್ರ ನಿಜ. ಸಂದರ್ಶನಕ್ಕೆ ಹೋಗುವಾಗ ನೋಂದಣಿ ಸಂಖ್ಯೆಯನ್ನು ಮನೆಯಲ್ಲೇ ಕಾಗದದ ಮೇಲೆ ಬರೆದುಕೊಂಡು ಹೋಗಿ.

ಪ್ರ: ವಯಸ್ಸಾದ ತಂದೆಗೆ ಉಡುಪಿಯಿಂದ ಬೆಳಗಾವಿಯವರೆಗೆ ಹೋಗಲಾಗುವುದಿಲ್ಲ. ವಿಡಿಯೊದಲ್ಲಿ ನೋಡಲು ಬರುತ್ತದೆಯೇ? (ಉಡುಪಿ)

ಉ: ಬರುತ್ತದೆ, ಇ-ಮುಲಾಖಾತ್ ಮೂಲಕ. ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ನಡೆಸುವ ರಾಷ್ಟ್ರೀಯ ಕಾರಾಗೃಹ ಮಾಹಿತಿ ಜಾಲತಾಣದಲ್ಲಿ ಇ-ಮುಲಾಖಾತ್ ತೆರೆದು ಹೊಸ ಭೇಟಿಯ ನೋಂದಣಿ ಆರಿಸಿ. ಭೇಟಿ ಮಾಡುವವರ ಹೆಸರು, ವಿಳಾಸ, ಗುರುತಿನ ಚೀಟಿಯ ಸಂಖ್ಯೆ, ಮೊಬೈಲ್, ಇಮೇಲ್ ತುಂಬಬೇಕು. ಆಮೇಲೆ ರಾಜ್ಯ, ಜೈಲು, ತಾರೀಕು, ಬಂದಿಯ ಹೆಸರು, ಅವನ ತಂದೆಯ ಹೆಸರು, ವಯಸ್ಸು. ಭೇಟಿಯ ಬಗೆ ಎಂಬಲ್ಲಿ ಖುದ್ದು ಭೇಟಿ, ವಿಡಿಯೊ ಎಂದು ಎರಡು ಆಯ್ಕೆ ಇರುತ್ತವೆ. ಅವಸರದಲ್ಲಿ ಖುದ್ದು ಭೇಟಿಯನ್ನೇ ಬಿಟ್ಟು ಮುಂದೆ ಹೋಗುವವರು ಬಹಳ. ಒಟಿಪಿ ಹಾಕಿದ ಮೇಲೆ ಬರುವ ನೋಂದಣಿ ಸಂಖ್ಯೆಯನ್ನು ಬರೆದಿಡಿ, ಅರ್ಜಿ ಎಲ್ಲಿಗೆ ಬಂತು ಎಂದು ನೋಡಲು ಅದೇ ಬೇಕು. ಜೈಲಿನವರು ಒಪ್ಪಿದರೆ ವೇಳೆ ಮತ್ತು ವಿಡಿಯೊದ ಕೊಂಡಿ (ಲಿಂಕ್) ಬರುತ್ತದೆ.

ಅರ್ಜಿ ತಿರಸ್ಕೃತವಾಗಲು ಸಾಮಾನ್ಯ ಕಾರಣ ಬಂದಿಯ ಹೆಸರು ಜೈಲಿನ ದಾಖಲೆಯ ಕಾಗುಣಿತಕ್ಕೆ ಹೊಂದದಿರುವುದು. ವಾರಂಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೇಗಿದೆಯೋ ಹಾಗೆಯೇ ಟೈಪ್ ಮಾಡಿ, ವಕೀಲರ ಬಳಿ ಅದರ ಪ್ರತಿ ಇರುತ್ತದೆ. ಹೇಳಿದ ವೇಳೆಗೆ ಹತ್ತು ನಿಮಿಷ ಮೊದಲೇ ಸೇರಿಕೊಳ್ಳಿ. ಕ್ಯಾಮೆರಾ, ಮೈಕ್ ಅನುಮತಿ ಕೊಟ್ಟಿದೆಯೇ ನೋಡಿ. ತಂದೆ ಕಿಟಕಿಗೆ ಬೆನ್ನು ಹಾಕಿ ಕೂತರೆ ಅವರ ಮುಖ ಕಪ್ಪಾಗಿ ಕಾಣುತ್ತದೆ. ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ.

ಪ್ರ: ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ವಲಸೆ ಇಲಾಖೆಯ ಬಂಧನ ಕೇಂದ್ರದಲ್ಲಿದ್ದಾನೆ. ಮೈಸೂರಿನ ನಮಗೆ ಕರೆ ಬರುವ ದಾರಿ ಯಾವುದು? (ಮೈಸೂರು)

ಉ: ಅವನು ಎಲ್ಲಿದ್ದಾನೆಂದು ಮೊದಲು ಗಟ್ಟಿ ಮಾಡಿಕೊಳ್ಳಿ. ಐಸಿಇ ಎಂಬ ಆ ಇಲಾಖೆಯ ಆನ್‌ಲೈನ್ ಪತ್ತೆ ಪುಟದಲ್ಲಿ ವಲಸೆ ದಾಖಲೆಯಲ್ಲಿ ಅವನಿಗೆ ಕೊಟ್ಟ ಎ-ಸಂಖ್ಯೆ ಎಂಬ ಗುರುತು ಮತ್ತು ಹುಟ್ಟಿದ ದೇಶ ಹಾಕಿದರೆ ಕೇಂದ್ರದ ಹೆಸರು ತೋರಿಸುತ್ತದೆ. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಸಾಗಿಸುವುದು ಅಲ್ಲಿ ಸಾಮಾನ್ಯ. ಕರೆ ಬಾರದಿದ್ದಾಗ ಗಾಬರಿಯಾಗದೆ ಮತ್ತೆ ಅಲ್ಲಿ ನೋಡಿ.

ಅಲ್ಲಿಯೂ ಕರೆ ಒಳಗಿನಿಂದ ಹೊರಕ್ಕೆ ಮಾತ್ರ. ಫೋನ್ ಎತ್ತಿದ ಕೂಡಲೇ ಮಗನ ಧ್ವನಿ ಬರುವುದಿಲ್ಲ. ಬಂಧನ ಕೇಂದ್ರದಿಂದ ಬಂದ ಕರೆ, ಒಪ್ಪಲು ಇಂಥ ಅಂಕಿ ಒತ್ತಿ ಎಂದು ಇಂಗ್ಲಿಷಿನಲ್ಲಿ ಯಂತ್ರ ಹೇಳುತ್ತದೆ. ಅದನ್ನು ಮಾರಾಟದ ಕರೆ ಎಂದುಕೊಂಡು ಇಟ್ಟುಬಿಡುತ್ತಾರೆ. ಮನೆಯ ಹಿರಿಯರಿಗೆ ಇದನ್ನು ಮುಂಚೆಯೇ ಹೇಳಿಕೊಡಿ. ಅವನ ಕರೆಗೆ ಹಣ ತುಂಬಿಸಲು ಅಮೆರಿಕದಲ್ಲೇ ಇರುವ ಬಂಧುವೋ ಸ್ನೇಹಿತನೋ ಒಬ್ಬರಿದ್ದರೆ ಅನುಕೂಲ. ಆದರೆ ಆ ಬಂಧುವಿಗೆ ಬಂದ ಕರೆಯನ್ನು ಮೈಸೂರಿಗೆ ಜೋಡಿಸಿ ಮೂವರೂ ಮಾತಾಡಲು ಹೋಗಬೇಡಿ. ಕರೆ ಜೋಡಿಸುವುದನ್ನೂ ಬೇರೆ ಸಂಖ್ಯೆಗೆ ತಿರುಗಿಸುವುದನ್ನೂ ಯಂತ್ರ ಗುರುತಿಸಿ ಲೈನ್ ಕಡಿಯುತ್ತದೆ, ಆ ಸಂಖ್ಯೆಯನ್ನೇ ತಡೆಹಿಡಿಯುವುದೂ ಉಂಟು. ಮೈಸೂರಿನ ಸಂಖ್ಯೆಗೆ ನೇರವಾಗಿ, 011 91 ಮುಂದೆ ಹಾಕಿ ಮಾಡಲು ಹೇಳಿ. ಬೇಸಿಗೆಯಲ್ಲಿ ಟೆಕ್ಸಾಸ್‌ನ ಬಹುಭಾಗ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹನ್ನೊಂದೂವರೆ. ಬೆಳಗಿನ ಕಾಫಿ ಹೊತ್ತಿಗೆ ಫೋನ್ ಕೈಯಲ್ಲಿರಲಿ.

1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿಯಂತೆ ಅವನು ಕೇಳಿದರೆ ಭಾರತೀಯ ಕಾನ್ಸುಲೇಟ್‌ಗೆ ತಿಳಿಸಲೇಬೇಕು. ಟೆಕ್ಸಾಸ್‌ಗೆ ಹ್ಯೂಸ್ಟನ್ ಕಾನ್ಸುಲೇಟ್. ಇಲ್ಲಿಂದ ನೀವು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆ ಇಟ್ಟುಕೊಳ್ಳಿ. ಕೊಲ್ಲಿಯಲ್ಲಿ ಮಕ್ಕಳಿರುವ ಮಂಗಳೂರು, ಭಟ್ಕಳದ ಓದುಗರಿಗೂ ಇದೇ ದಾರಿ.

ಅಮೆರಿಕದಲ್ಲಿ ಜೈಲು ಕರೆಯ ದರ ಇಳಿದದ್ದರ ಹಿಂದೆ ಒಬ್ಬ ಅಜ್ಜಿ ಇದ್ದಾರೆ. ವಾಷಿಂಗ್ಟನ್‌ನ ಮಾರ್ತಾ ರೈಟ್, ಜೈಲಿನಲ್ಲಿದ್ದ ಮೊಮ್ಮಗನ ಜೊತೆ ಮಾತಾಡುವ ವೆಚ್ಚ ತಾಳಲಾರದೆ ಕಾನೂನು ಹೋರಾಟಕ್ಕೆ ಇಳಿದರು. 2023ರ ಜನವರಿಯಲ್ಲಿ ಸಹಿಯಾದ ಕಾಯ್ದೆಗೆ ಅವರ ಹೆಸರೂ ಸೇರಿದೆ. ಕನೆಕ್ಟಿಕಟ್, ಕ್ಯಾಲಿಫೋರ್ನಿಯಾ, ಮಿನೆಸೋಟ, ಕೊಲರಾಡೊ, ಮ್ಯಾಸಚೂಸೆಟ್ಸ್ ರಾಜ್ಯಗಳು ತಮ್ಮ ಜೈಲುಗಳ ಕರೆಯನ್ನು ಉಚಿತ ಮಾಡುವ ಕಾನೂನು ತಂದಿವೆ.

ಪ್ರ: ‘ಜೈಲರ್ ಮಾತಾಡ್ತಿದೀನಿ, ನಿಮ್ಮ ಹುಡುಗನಿಗೆ ಹುಷಾರಿಲ್ಲ, ಆಸ್ಪತ್ರೆಗೆ 8,000 ಕಳಿಸಿ’ ಅಂತ ಫೋನ್ ಬಂತು. ನಿಜವಾ? (ದಾವಣಗೆರೆ)

ಉ: ಮೋಸ. ಬಂದಿಯ ಚಿಕಿತ್ಸೆ ಸರ್ಕಾರದ ಹೊಣೆ, ಅದಕ್ಕಾಗಿ ಯಾರೂ ಖಾಸಗಿ ಸಂಖ್ಯೆಗೆ ಹಣ ಹಾಕಿಸುವುದಿಲ್ಲ. ಕರೆ ಇಟ್ಟು, ಜೈಲು ಕಚೇರಿಯ ಅಧಿಕೃತ ದೂರವಾಣಿಗೆ ನೀವೇ ಮಾಡಿ ಆರೋಗ್ಯ ವಿಚಾರಿಸಿ. ಹಣ ಹೋಗಿದ್ದರೆ ಒಂದು ಗಂಟೆಯನ್ನೂ ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರ: ಫೋನ್ ಕೊಡುವುದು ಬಿಡುವುದು ಅವರ ಇಷ್ಟವಂತೆ, ಕೇಳುವ ಹಾಗಿಲ್ಲವಂತೆ. ಹೌದೇ? (ಚಿತ್ರದುರ್ಗ)

ಉ: ಕೇಳುವ ಹಾಗಿದೆ. ಫ್ರಾನ್ಸಿಸ್ ಕೊರಾಲಿ ಮುಲಿನ್ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್, ಬಂಧನದಲ್ಲಿರುವ ವ್ಯಕ್ತಿ ಮನೆಯವರನ್ನೂ ವಕೀಲರನ್ನೂ ಕಾಣುವುದು 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಆ ತೀರ್ಪು ಭೇಟಿಯ ಬಗ್ಗೆ, ಫೋನಿನ ಬಗ್ಗೆ ಅಲ್ಲ ಎಂಬುದು ನಿಜ. ಕೆಟ್ಟ ನಡತೆಯ ಕಾರಣಕ್ಕೆ ಫೋನ್ ನಿಲ್ಲಿಸಲು ಅಧೀಕ್ಷಕರಿಗೆ ಅವಕಾಶವೂ ಇದೆ. ಆದರೆ ಕಾರಣ ಹೇಳದೆ ತಿಂಗಳುಗಟ್ಟಲೆ ಸಂಪರ್ಕ ಕಡಿಯುವುದನ್ನು ಒಪ್ಪಿ ಸುಮ್ಮನಿರಬೇಕಿಲ್ಲ. ಅಧೀಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಹದಿನೈದು ದಿನ ನೋಡಿ, ಆ ಪ್ರತಿಯ ಸಮೇತ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ ಪ್ರಕರಣ ನಡೆಯುತ್ತಿರುವ ನ್ಯಾಯಾಲಯದಲ್ಲೇ ವಕೀಲರ ಮೂಲಕ ಅರ್ಜಿ ಹಾಕಿಸಿ. ಮೊಹರಿಲ್ಲದ ಅರ್ಜಿಯನ್ನು ಕೊಟ್ಟೇ ಇಲ್ಲ ಎಂದು ಬಿಡಬಹುದು.

ಪ್ರ: ನನ್ನ ಮಗಳಿಗೆ ಕಿವಿ ಕೇಳಿಸದು, ಮಾತು ಬಾರದು. ಅಳಿಯ ಒಳಗಿದ್ದಾನೆ. ಫೋನ್ ಇದ್ದೂ ಅವಳಿಗೆ ಇಲ್ಲದ ಹಾಗೆ. (ಗದಗ)

ಉ: ಅವಳಿಗೆ ವಿಡಿಯೊ ಭೇಟಿಯೇ ಫೋನ್. ಇ-ಮುಲಾಖಾತ್ ನೋಂದಣಿಯ ಜೊತೆಗೆ ಅಧೀಕ್ಷಕರಿಗೆ ಒಂದು ಪತ್ರ ಬರೆಯಿರಿ: ಪತ್ನಿಗೆ ಶ್ರವಣದೋಷವಿದೆ, ಸನ್ನೆಯಲ್ಲೇ ಮಾತಾಡಬೇಕು, ಆದ್ದರಿಂದ ಧ್ವನಿ ಕರೆಯ ಬದಲು ವಿಡಿಯೊ ಕೊಡಿ ಎಂದು. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿನ ಪ್ರತಿ ಲಗತ್ತಿಸಿ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯನ್ನು ಉಲ್ಲೇಖಿಸಿ. ಸನ್ನೆಯಲ್ಲಿ ಮಾತಾಡಲು ಎರಡು ಕೈಯೂ ಬೇಕು, ಫೋನ್ ಹಿಡಿದುಕೊಂಡು ಆಗದು. ಗೋಡೆಗೆ ಒರಗಿಸಿದ ಚೆಂಬಿಗೆ ಫೋನನ್ನು ಆನಿಸಿ, ಅವಳ ಸೊಂಟದಿಂದ ತಲೆಯವರೆಗೆ ಕಾಣುವಷ್ಟು ದೂರ ಕೂರಿಸಿ. ಹಿಂದಿನ ಗೋಡೆ ಬರಿದಾಗಿರಲಿ. ಕೈಯ ಬಣ್ಣಕ್ಕಿಂತ ಬೇರೆಯಾಗಿ ಕಾಣುವ, ಚಿತ್ತಾರವಿಲ್ಲದ ಒಂದೇ ಬಣ್ಣದ ಸೀರೆಯೋ ಕುಪ್ಪಸವೋ ಉಟ್ಟರೆ ಬೆರಳಿನ ಚಲನೆ ಅಳಿಯನಿಗೆ ಸ್ಪಷ್ಟವಾಗಿ ಕಾಣುತ್ತದೆ.